ಜಾಲರಿ ಬಿಚ್ಚಿದ್ದು ಯಾರು

ಬ್ಯಾಡಗಿಯ ಮೆಣಸಿನಪುಡಿ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಯಂತ್ರಗಳ ಸುರಕ್ಷತೆಯ ವಹಿಗೆ ಸಹಿ ಹಾಕುವುದೂ ನನ್ನ ಕೆಲಸವೇ. ಆಯುಧಪೂಜೆಗೆ ಬೀಸುವ ಯಂತ್ರ ತೊಳೆದು ವಿಭೂತಿ ಹಚ್ಚಲೆಂದು ಬೆಲ್ಟಿನ ಮೇಲಿನ ಕಬ್ಬಿಣದ ಜಾಲರಿಯನ್ನು ಬಿಚ್ಚಿದ್ದರು. ಪೂಜೆ ಮುಗಿದರೂ ಅದನ್ನು ಮರಳಿ ಕೂಡಿಸಲಿಲ್ಲ.

"ವಿಭೂತಿ ಅಳಿಸಿ ಹೋಗ್ತೈತಿ ತಂಗಿ, ಎರಡು ದಿನ ಬಿಡು. ಜಾಲರಿ ಐತಿ ಅಂತ ಬರದು ಸಹಿ ಮಾಡು, ನಾ ಹಾಕಸ್ತೇನಿ" ಎಂದರು ಮಾಲೀಕ ಶಶಿಕಾಂತಣ್ಣ. ನಂಬಿ ಸಹಿ ಮಾಡಿದೆ.

ಪೂಜೆಯಾದ ಒಂಬತ್ತನೆಯ ದಿನ, ಯಂತ್ರಕ್ಕೆ ಮೆಣಸಿನಕಾಯಿ ಸುರಿಯುವ ಮುದುಕಿ ಉಚ್ಚಂಗೆವ್ವನ ಸೆರಗು ಬೆಲ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋಗಿ ಆಕೆ ಮೂರು ಬೆರಳು ಕಳೆದುಕೊಂಡಳು.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಶಶಿಕಾಂತಣ್ಣ ವಹಿ ತೆರೆದಿಟ್ಟರು. "ಜಾಲರಿ ಇತ್ರಿ ಸಾಹೇಬ್ರ. ನೋಡ್ರಿ, ನಮ್ಮ ಮೇಡಮ್ಮರ ಸಹಿ. ಈ ಮುದುಕೀನ ಅದನ್ನ ಬಿಚ್ಚ್ಯಾಳ." ನನ್ನ ಕಡೆ ತಿರುಗಿ, "ಹೌದಿಲ್ಲೋ?" ಎಂದರು, ನಗುತ್ತಲೇ.

ಸಹಿ ಯಾಕೆ ಬೇಕಿತ್ತೆಂದು ಆಗ ತಿಳಿಯಿತು. ನನಗೆ ಮೋಸವಾಗಿದೆ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಉಚ್ಚಂಗೆವ್ವ ಬ್ಯಾಂಡೇಜಿನ ಕೈಯನ್ನು ಎದೆಗೆ ಹಿಡಿದು ಮೆಲ್ಲಗೆ ಅಂದಳು:

"ಕಲತಾಕಿ ನೀ ಹೂಂ ಅಂದಿದ್ದಿ ಅಂತ ನಾ ಅಲ್ಲಿ ನಿಂತಿದ್ನೆವ್ವಾ."

ಅಧಿಕಾರಿಯತ್ತ ನೋಡಿ ಹೇಳಿದೆ: "ಜಾಲರಿ ಇರಲಿಲ್ರಿ. ಇಲ್ಲದ್ದನ್ನ ಐತಿ ಅಂತ ಬರದಾಕಿ ನಾನ. ಅದನ್ನೂ ಬರಕೊಳ್ರಿ."