ದೊಣೆಯ ಕಾವಲು

ಬೋರ್‌ವೆಲ್‌ಗಳೆಲ್ಲ ಬತ್ತಿದ ಮೇಲೆ ದೇವಲಾಪುರದಾಚೆಯ ಆ ಬೆಟ್ಟದೂರಿಗೆ ಉಳಿದದ್ದು ಬೆಟ್ಟದ ತಲೆಯ ಮೇಲಿನ ಬಂಡೆಯ ದೊಣೆಯಲ್ಲಿ ನಿಂತ ಮಳೆನೀರು ಮಾತ್ರ. ಮನೆಗೆ ದಿನಕ್ಕೆ ಎರಡೇ ಬಿಂದಿಗೆ ಎಂದು ಊರವರು ಕಟ್ಟು ಮಾಡಿಕೊಂಡಿದ್ದರು. ಆದರೂ ನೀರು ಬೇಗ ಇಳಿಯುತ್ತಿತ್ತು. ಬಿಸಿಲಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಊರಿನ ಹಸುಗಳೆಲ್ಲ ಹಾಲು ಕಡಿಮೆ ಮಾಡಿದಾಗಲೂ ಬೈರಮ್ಮನ ಹಸು ಎಂದಿನಂತೆ ಕರೆಯುತ್ತಿದ್ದುದರಿಂದ ಎಲ್ಲರ ಕಣ್ಣು ಅವಳ ಮೇಲೇ ಬಿತ್ತು. ಮನೆಗೊಬ್ಬರಂತೆ ಸರದಿಯ ಮೇಲೆ ದೊಣೆಗೆ ಕಾವಲು ಕೂತರು. ನೀರು ಇನ್ನೂ ಜೋರಾಗಿ ಇಳಿಯಿತು.

ಡೇರಿ ಮುಂದೆ ಊರು ಸೇರಿತು. “ನಮ್ಮ ಅಸ ನೀರೇ ಕುಡಿಯಾಕಿಲ್ಲ ಕಣಪ್ಪ, ಗಾಳಿ ಕುಡ್ಕೊಂಡೇ ಆಲು ಕೊಡ್ತದೆ,” ಎಂದು ಊರಿನ ಹುಡುಗ ರವೀಂದ್ರ ಬೈರಮ್ಮನ ದನಿಯಲ್ಲೇ ಅಣಕಿಸಿದ. ಜನ ನಕ್ಕರು. ಅವಳಿಗೆ ಇನ್ನು ಒಂದೇ ಬಿಂದಿಗೆ ಎಂದರು ಹಿರಿಯ ನಿಂಗೇಗೌಡರು. ಹಾಗಾದರೆ ಅವಳು ಹಸುವನ್ನು ಮಾರಲೇಬೇಕು.

ಬೈರಮ್ಮ ಎದ್ದಳು. “ಅಕ್ಕಿ ತೊಳೆದಿದ್ದು, ಮುಸುರೆ ತೊಳೆದಿದ್ದು ಎಲ್ಲ ಅಸೀಗೇ ಉಯ್ತೀನಿ ಕಣ್ಲಾ ರವಿ. ಅದಿರ್ಲಿ, ನೆನ್ನೆ ಕಾವಲಿಗೆ ಏನ್ ತಕೊಂಡೋಗಿದ್ದೆ?”

“ಕೋಲು. ಒಂದು ಬಿಂದಿಗೆ.”

“ಬಿಂದಿಗೆ ಯಾಕ್ಲಾ?”

“ಎಂಗೂ ಬೆಟ್ಟ ಅತ್ತೀಯಲ್ಲ ಅಂತ ಅವ್ವ ಕೊಟ್ಲು. ನೀರಿನ ತಾವಿಂದ ಖಾಲಿ ಬಿಂದಿಗೆ ತರಬಾರ್ದಂತೆ. ಅದುಕ್ಕೆ ತುಂಬ್ಕೊಂಡ್ ಬಂದೆ.”

ನಗು ನಿಂತಿತು. ಕಾವಲು ಕೂತಿದ್ದವರೆಲ್ಲ ನೆಲ ನೋಡತೊಡಗಿದರು.

“ನೀವು, ಗೌಡ್ರೆ?”

“ನಮ್ದು ಸಣ್ಣ ಬಿಂದಿಗೆ ಕಣವ್ವ,” ಎಂದರು ನಿಂಗೇಗೌಡರು.

ಬೈರಮ್ಮನ ಎರಡು ಬಿಂದಿಗೆ ಎರಡಾಗಿಯೇ ಉಳಿದವು. ಕಾವಲು ಅವತ್ತೇ ರದ್ದಾಯಿತು. ಈಗ ಯಾರು ಬೆಟ್ಟ ಹತ್ತಿದರೂ ಊರು ಮೊದಲು ಅವರ ಕೈ ನೋಡುತ್ತದೆ.