ಅರವತ್ತೊಂದು ಭಾನುವಾರ

ಆಥಲ್ ಒಂದು ಕೈಯಲ್ಲಿ ಮೈಕಿನ ಗುಂಡಿ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿದ್ದ ಫೋನನ್ನು ಕಿವಿಗೆ ಆನಿಸಿದ.

"ಈಗ ಕೇಳ್ತಿದ್ಯಾ?"

"ಏನೂ ಇಲ್ಲ ಕಣೋ," ಎಂದಳು ಬೆವ್, ಕೊಲ್ಲಿಯ ಆಚೆ ದಡದಿಂದ. "ಬರೀ ಸುಯ್ ಅಂತಿದೆ. ಇಲ್ಲಿ ಹನ್ನೊಂದು ಜನ ಕಾಯ್ತಿದೀವಿ. ಸ್ವಿಚ್ ಹಾಕಿದೀಯಾ?"

"ನಲವತ್ತು ವರ್ಷದಿಂದ ರೇಡಿಯೋ ಹಿಡ್ಕೊಂಡಿದೀನಿ ಬೆವ್."

"ಗೊತ್ತು, ಅದಕ್ಕೇ ಕೇಳಿದ್ದು."

ಅಂದು ಬೆಳಿಗ್ಗೆ ಮರ್ವಿನ್ ಪಾಸ್ಕೋನನ್ನು ಮಣ್ಣು ಮಾಡಿದ್ದರು. ಹವ್ಯಾಸಿ ರೇಡಿಯೋದವರಲ್ಲಿ ಒಬ್ಬರು ತೀರಿಕೊಂಡರೆ ಅವರದೇ ರೇಡಿಯೋದಿಂದ, ಅವರದೇ ಆಂಟೆನಾದ ಮೂಲಕ, ರೇಡಿಯೋದಲ್ಲಿ ಅವರ ಹೆಸರಿನಂತಿರುವ ಕರೆಗುರುತನ್ನು ಮೂರು ಸಲ ಕೂಗಿ, ಒಂದು ನಿಮಿಷ ಉತ್ತರಕ್ಕೆ ಕಾದು, ಆಮೇಲೆ ಸ್ವಿಚ್ ಆರಿಸುವುದು ರೂಢಿ. ಆ ಕೆಲಸವನ್ನು ಎಷ್ಟೋ ಜನರಿಗೆ ಮರ್ವ್ ತಾನೇ ಮಾಡಿದ್ದ.

ಮರ್ವ್‌ನ ಶೆಡ್ಡಿನಲ್ಲಿ, ಅವನದೇ ರೇಡಿಯೋದ ಮುಂದೆ ಕೂತು ಆಥಲ್ ಮತ್ತೊಮ್ಮೆ ಗುಂಡಿ ಒತ್ತಿದ. ಮೀಟರಿನ ಮುಳ್ಳು ಒಂದು ಕೂದಲಷ್ಟೂ ಅಲುಗಲಿಲ್ಲ. ಇರಬೇಕಾದ ಗೆರೆಯ ಮೇಲೇ ನಿಂತಿತ್ತು. ಕಳಿಸಿದ್ದರಲ್ಲಿ ಏನೂ ಹಿಂದಕ್ಕೆ ಬರುತ್ತಿಲ್ಲ, ಎಲ್ಲವೂ ಆಂಟೆನಾಗೆ ಹೋಗುತ್ತಿದೆ ಎಂದು ಅದರ ಅರ್ಥ.

ಬಾಗಿಲಲ್ಲಿ ಮರ್ವ್‌ನ ಮಗಳು ರೊಂಡಾ ಮಾಂಸದ ಕಡುಬಿನಂಥ ಪಾಸ್ಟಿಗಳ ತಟ್ಟೆ ಹಿಡಿದು ನಿಂತಿದ್ದಳು.

"ಆಥಲ್ ಅಂಕಲ್, ಒಂದು ಪಾಸ್ಟಿ ತಿನ್ನಿ. ಊರ ಹಾಲ್‌ನ ಹೆಂಗಸರು ಊರಿಗೆಲ್ಲ ಆಗೋಷ್ಟು ಬೇಯಿಸಿ ಕಳಿಸಿದಾರೆ. ಟರ್ನಿಪ್ ಹಾಕಿಲ್ಲ, ಅಪ್ಪ ಇದ್ದಿದ್ರೆ ಇದು ಪಾಸ್ಟಿನೇ ಅಲ್ಲ ಅಂತಿದ್ರು."

"ಅಲ್ಲಿಡಮ್ಮ."

"ನಿಮಗೊಂದು ಹೇಳ್ಬೇಕಿತ್ತು. ಅಮ್ಮ ಹೋದಮೇಲೆ ನನಗೆ ಅಪ್ಪನದೇ ಭಯ ಇತ್ತು. ಆದ್ರೆ ಭಾನುವಾರ ಒಂಬತ್ತಕ್ಕೆ ರೇಡಿಯೋದಲ್ಲಿ ನಿಮ್ಮೆಲ್ಲರ ಜೊತೆ ಮಾತಿಗೆ ಕೂರ್ತಾರಲ್ಲ, ನಾನು ಹತ್ತಕ್ಕೆ ಫೋನ್ ಮಾಡ್ತಿದ್ದೆ. 'ಯಾರ್ಯಾರು ಸಿಕ್ಕಿದ್ರಪ್ಪ' ಅಂದ್ರೆ 'ಎಲ್ಲರೂ ಇದ್ರು' ಅನ್ನೋರು. ಅದೊಂದೇ ನನಗೆ ಸಮಾಧಾನ. ನೀವೆಲ್ಲ ಇಲ್ದಿದ್ರೆ..." ಅವಳು ತಟ್ಟೆಯಿಟ್ಟು ಹೋದಳು.

ಆಥಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಮರ್ವ್‌ನ ಹೆಂಡತಿ ಜೋನ್ ತೀರಿಕೊಂಡ ಮೇಲೆ ಒಂದು ಭಾನುವಾರವೂ ಅವನ ದನಿ ಯಾರಿಗೂ ರೇಡಿಯೋದಲ್ಲಿ ಕೇಳಿಸಿರಲಿಲ್ಲ.

⁂

ಹದಿನಾಲ್ಕು ತಿಂಗಳ ಹಿಂದೆ, ಜೋನ್‌ಳನ್ನು ಮಣ್ಣು ಮಾಡಿದ ದಿನ, ಮರ್ವ್ ಗೇಟಿನವರೆಗೆ ಬಂದಿದ್ದ.

"ಮೇಲೆ ಆಂಟೆನಾದ ನಡುವಿನ ಜೋಡಣೇಲಿ ಟೇಪು ಬಿಟ್ಕೊಂಡಿದೆ ಕಣೋ. ಏಣಿ ಹತ್ತೋಕೆ ನನ್ನ ಮಂಡಿ ಒಪ್ಪಲ್ಲ."

"ಬರೋ ವಾರ ನಾನೇ ಬಂದು ಹತ್ತಿ ಸುತ್ತಿ ಕೊಡ್ತೀನಿ ಬಿಡು."

"ಬರೋ ವಾರ ಬೇಡ. ಸ್ವಲ್ಪ ದಿನ ನನ್ನ ಪಾಡಿಗೆ ಬಿಟ್ಬಿಡಿ ಎಲ್ಲರೂ. ಮಾತಾಡ್ಬೇಕು ಅನ್ನಿಸಿದಾಗ ನಾನೇ ಭಾನುವಾರ ರೇಡಿಯೋಗೆ ಬರ್ತೀನಿ."

ಆಥಲ್ ಎರಡು ಗಂಟೆ ದಾರಿಯ ತನ್ನೂರಿಗೆ ಹೊರಟುಹೋದ. ಪ್ರತಿ ಭಾನುವಾರ ಬೆವ್ ಹಾಜರಿ ಕೂಗುವಾಗ ಮರ್ವ್‌ನ ಕರೆಗುರುತನ್ನೂ ಕೂಗುತ್ತಿದ್ದಳು. ಉತ್ತರವಿರುತ್ತಿರಲಿಲ್ಲ. "ಇನ್ನೂ ಮನಸ್ಸಾಗಿಲ್ಲ, ಪಾಪ. ಬಿಡೋಣ," ಎನ್ನುತ್ತಿದ್ದರು. ಹೇಳಿದ ಮಾತಿಗೆ ಮರ್ಯಾದೆ ಕೊಟ್ಟು ಬಿಟ್ಟೇ ಇದ್ದರು.

⁂

ಆಥಲ್ ಫೋನನ್ನು ಜೇಬಿಗಿಳಿಸಿ ಶೆಡ್ಡಿನಿಂದ ಹೊರಗೆ ಬಂದ. ಎರಡು ನಾರ್ಫೋಕ್ ಪೈನ್ ಮರಗಳ ನಡುವೆ ನಲವತ್ತು ಮೀಟರಿನ ತಾಮ್ರದ ತಂತಿ ಸಮುದ್ರದ ಗಾಳಿಗೆ ತೂಗುತ್ತಿತ್ತು. ಅದನ್ನು ಕಟ್ಟುವಾಗ ಏಣಿ ಹಿಡಿದಿದ್ದವನು ಅವನೇ. ಅಳತೆಗಿಂತ ಒಂದು ಗೇಣು ಉದ್ದ ಬಿಟ್ಟು, ಏರಿಸಿ, ಅಳೆದು, ಇಳಿಸಿ, ಎರಡೂ ತುದಿಗೆ ಬೆರಳಗಲ ಕತ್ತರಿಸಿ ಮತ್ತೆ ಏರಿಸುವುದು. ಆ ದಿನ ಒಂಬತ್ತು ಸಲ. "ಸಾಕು ಮಾರಾಯ, ಸರಿಯಾಗಿದೆ," ಎಂದು ಆಥಲ್ ಗೋಗರೆದಾಗ ಮರ್ವ್ ನಕ್ಕು, "ನೀನು ಹೇಳಿದ್ರೆ ಆಯ್ತಾ? ಮುಳ್ಳು ಹೇಳ್ಬೇಕು," ಎಂದಿದ್ದ. ಧಾನ್ಯ ತುಂಬುವ ಸೈಲೋದಲ್ಲಿ ಮೂವತ್ತು ವರ್ಷ ಮುಳ್ಳು ನೋಡಿ ಲಾರಿ ತೂಗಿದವನು ಅವನು.

ನಡುವಿನಿಂದ ಇಳಿದ ಕೇಬಲ್ ಶೆಡ್ಡಿನ ಗೋಡೆಯಲ್ಲಿ ಒಂದು ತಿರುಪಿನ ಪ್ಲಗ್ಗಿಗೆ ಬಂದು ಸೇರಿತ್ತು. ಆಥಲ್ ಅದನ್ನು ತಿರುಗಿಸಿ ಬಿಚ್ಚಿದ.

ನೀರು. ಕಪ್ಪುಹಸಿರು ನೀರು ತೊಟ್ಟಿಕ್ಕಿ ಅವನು ಅಂತ್ಯಕ್ರಿಯೆಗೆ ಹಾಕಿದ್ದ ಬೂಟಿನ ಮೇಲೆ ಬಿತ್ತು. ಮೇಲಿನ ಬಿರುಕಿನಿಂದ ಹೊಕ್ಕ ಮಳೆ ಕೇಬಲ್ಲಿನ ಉದ್ದಕ್ಕೂ ಇಳಿದು ಒಳಗಿನ ತಾಮ್ರವನ್ನೆಲ್ಲ ತಿಂದುಹಾಕಿತ್ತು. ಕಳಿಸಿದ ಶಕ್ತಿಯನ್ನು ಆ ಕೊಳೆತ ಕೇಬಲ್ಲೇ ಬಿಸಿಯಾಗಿ ಕುಡಿದುಬಿಡುತ್ತದೆ. ತಂತಿಗೆ ಏನೂ ತಲುಪುವುದಿಲ್ಲ, ತಂತಿಯಿಂದ ಏನೂ ಇಳಿಯುವುದಿಲ್ಲ. ಹಿಂದಕ್ಕೂ ಏನೂ ಮರಳದ್ದರಿಂದ ಮೀಟರಿಗೆ ಮಾತ್ರ ಎಲ್ಲವೂ ಸರಿ.

ಅವನು ಪ್ಲಗ್ಗನ್ನು ಹಾಗೇ ತಿರುಗಿಸಿ ಕೂರಿಸಿ ಒಳಗೆ ಹೋದ. ದಾಖಲೆ ಪುಸ್ತಕ ಮೇಜಿನ ಮೇಲಿತ್ತು. ಜೋನ್ ತೀರಿಕೊಂಡ ವಾರದ ನಂತರದ ಭಾನುವಾರವೇ ಮರ್ವ್ ರೇಡಿಯೋ ಮುಂದೆ ಕೂತಿದ್ದ. ಅದೇ ಅಚ್ಚುಕಟ್ಟಾದ ಅಕ್ಷರ:

ಒಂಬತ್ತು ಗಂಟೆ. ಕರೆದೆ. ಯಾರೂ ಇಲ್ಲ. ಮೀಟರ್ ಸರಿಯಿದೆ.

ಆಥಲ್ ಎಣಿಸುತ್ತ ಹೋದ. ಅರವತ್ತೊಂದು ಸಾಲು. ಇಪ್ಪತ್ತನೆಯದರ ನಂತರ 'ಮೀಟರ್ ಸರಿಯಿದೆ' ಎಂಬುದರ ಕೆಳಗೆ ಗೆರೆ ಎಳೆದಿತ್ತು. ತಂತಿಯಲ್ಲಿ ತಪ್ಪಿಲ್ಲ ಎಂದಮೇಲೆ ತಪ್ಪು ಇನ್ಯಾರಲ್ಲಿರಬೇಕು ಎಂದು ಮರ್ವ್ ಲೆಕ್ಕ ಹಾಕಿಕೊಂಡಿರಬೇಕು. ಕೊನೆಯ ಸಾಲು ಕಳೆದ ಭಾನುವಾರದ್ದು.

ಹೊರಗೆ ಹೆಜ್ಜೆ ಸಪ್ಪಳವಾಯಿತು. ಆಥಲ್ ಪುಸ್ತಕವನ್ನು ಕೋಟಿನೊಳಗೆ ತುರುಕಿಕೊಂಡ.

"ನಾನೂ ಇರಬಹುದಾ?" ಎಂದಳು ರೊಂಡಾ.

"ಬಾಮ್ಮ, ಕೂತ್ಕೋ."

ಅವಳು ಅಪ್ಪನ ಕುರ್ಚಿಯಲ್ಲಿ ಕೂತಳು. ಆಥಲ್ ಗುಂಡಿ ಒತ್ತಿ ಮರ್ವ್‌ನ ಕರೆಗುರುತನ್ನು ಕೂಗಿದ. ಒಂದು ಸಲ. ಎರಡು ಸಲ. ಮೂರು ಸಲ. ಗುಂಡಿ ಬಿಟ್ಟ. ಸ್ಪೀಕರಿನಲ್ಲಿ ಸುಯ್ ಎನ್ನುವ ಸದ್ದು ಒಂದು ನಿಮಿಷ ತುಂಬಿಕೊಂಡಿತ್ತು. ಅವನು ಸ್ವಿಚ್ ಆರಿಸಿದ.

ರೊಂಡಾ ಕಣ್ಣೊರೆಸಿಕೊಂಡಳು. "ಎಲ್ಲರಿಗೂ ಕೇಳಿಸ್ತಾ ಅಂಕಲ್?"

"ಹೂಂ," ಎಂದ ಆಥಲ್. "ಎಲ್ಲರೂ ಇದ್ರು."

ಅವನ ಜೇಬಿನಲ್ಲಿ, ಆ ಪುಸ್ತಕದ ಪಕ್ಕದಲ್ಲಿ, ಬೆವ್‌ಳ ಕರೆಗೆ ಫೋನು ಬಿಡದೆ ನಡುಗುತ್ತಿತ್ತು.