ಕಾರು ಗಂಡನನ್ನು ಮರೆತ ದಿನ

ನರ್ಸಮ್ಮನ ಕಾರಿನ ರಿಮೋಟು ಪ್ರಾಣ ಬಿಟ್ಟದ್ದು ರೋಗಿಯೊಬ್ಬರ ಬಿಸಿನೀರಿನ ಬೇಸಿನ್ನಿಗೆ ಬಿದ್ದು. ಒರೆಸಿದಳು, ಫ್ಯಾನಿನ ಕೆಳಗೆ ಮಲಗಿಸಿದಳು, ಬ್ಯಾಟರಿ ಬದಲಿಸಿದಳು. ಅವಳ ಕೈಯಲ್ಲಿ ಎಂತೆಂಥವರೋ ಎದ್ದು ಕೂತಿದ್ದರು, ಇದು ಮಾತ್ರ ಏಳಲಿಲ್ಲ.

ಆ ಕಾರಿಗೆ ರಿಮೋಟು ಎರಡು, ಯಾಕೆಂದರೆ ಅದನ್ನು ದುಡಿಸುವವರೂ ಇಬ್ಬರು. ಬೆಳಿಗ್ಗೆ ಅವಳು ಅದನ್ನು ಆಸ್ಪತ್ರೆಯ ಹಿಂದೆ ತಂದು ನಿಲ್ಲಿಸುವಳು. ಸಂಜೆ, ಅವಳಿನ್ನೂ ವಾರ್ಡಿನಲ್ಲಿರುವಾಗಲೇ ಗಂಡ ಬಸ್ಸಿನಲ್ಲಿ ಬಂದು ಕಾರನ್ನು ಬೇಕರಿಗೆ ಒಯ್ಯುವನು. ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕಿ ಅವನು ಮನೆ ಸೇರುವಾಗ ಅವಳಿಗೆ ಗಾಢ ನಿದ್ದೆ. ಅವಳು ಹೊರಡುವಾಗ ಅವನಿಗೆ. ವಾರ್ಡಿನವರು ಅವನಿಗೆ ಬ್ರೆಡ್ಡಪ್ಪ ಎಂದು ಹೆಸರಿಟ್ಟಿದ್ದರು. ಸಂಸಾರವೇ ರಿಮೋಟಿನಲ್ಲಿ ನಡೆಯುತ್ತಿತ್ತು. ಮಲಗಿದವರನ್ನು ಎಬ್ಬಿಸಬಾರದು ಎಂಬುದೊಂದೇ ಆ ಮನೆಯ ಕಾನೂನು.

ಸಾಲದ್ದಕ್ಕೆ ಬೇಕರಿಯ ಮಾಲೀಕ, ಇನ್ನೊಂದು ಸಲ ತಡವಾದರೆ ನಿನ್ನ ಅಂಗಡಿಗಳ ಲೈನು ಬೇರೆಯವನಿಗೆ ಎಂದು ಬ್ರೆಡ್ಡಪ್ಪನಿಗೆ ಮುಖ ಮುರಿದಂತೆ ಹೇಳಿಬಿಟ್ಟಿದ್ದ.

ನರ್ಸಮ್ಮ ಆಸ್ಪತ್ರೆಯ ವ್ಯಾನಿನಲ್ಲಿ ಮನೆಗೆ ಹೋಗುವ ದಾರಿಯಲ್ಲೇ ಇಳಿದು ಹೊಸ ರಿಮೋಟು ಕೊಂಡಳು. ಕೀಲಿ ಅಂಗಡಿಯವನು ಬಾಯಲ್ಲೇ ತರಾವರಿ ಅಲಾರಂ ಕೂಗಿಸುವ ಕಲಾವಿದ. ಕಾರಿನ ಕೀಲಿ ತಿರುಗಿಸಬೇಕು, ಸ್ಟೇರಿಂಗಿನ ಕೆಳಗೆ ಅಡಗಿರುವ ಗುಂಡಿ ಒತ್ತಿ ಹಿಡಿಯಬೇಕು, ಕಾರು ಕೀಚ್ ಅಂದಮೇಲೆ ರಿಮೋಟು ಒತ್ತಬೇಕು ಎಂದು ಅಭಿನಯಿಸಿಯೇ ತೋರಿಸಿದ.

"ಮನೇಲಿರೋ ರಿಮೋಟೆಲ್ಲಾ ಒಟ್ಟಿಗೇ ಒತ್ತಿಬಿಡಿ ಅಕ್ಕ. ಹೊಸಬರು ಬಂದರೆ ಕಾರು ಹಳಬರನ್ನ ಮರೆತುಬಿಡುತ್ತೆ."

ಅವಳು ಆಕಳಿಸುತ್ತಾ ತಲೆಯಾಡಿಸಿದಳು.

ಬೆಳಿಗ್ಗೆ ನೋಡಿದರೆ ಗಂಡನ ರಿಮೋಟು ಅವನ ಪ್ಯಾಂಟಿನ ಜೇಬಿನಲ್ಲಿತ್ತು, ಪ್ಯಾಂಟು ಅವನ ಮೈಮೇಲಿತ್ತು, ಅವನು ಆ ಜೇಬಿನ ಮೇಲೇ ಹೊರಳಿ ಮಲಗಿದ್ದ. ಶೂ ಕೂಡ ಬಿಚ್ಚಿರಲಿಲ್ಲ. ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ವರ್ಷದ ಒಡನಾಟ, ಒಂದು ಕೀಚಿಗೆಲ್ಲ ಮರೆತೀತೇ ಎಂದು ಸಮಾಧಾನ ಹೇಳಿಕೊಂಡು ಹೊರಗೆ ಹೋಗಿ ತನ್ನದೊಂದನ್ನೇ ಒತ್ತಿದಳು. ಕಾರು ಕೀಚ್ ಅಂದು ಒಪ್ಪಿಕೊಂಡಿತು.

ಸಂಜೆ ಆಸ್ಪತ್ರೆಯ ಹಿಂದೆ ಸೈರನ್ನು ಹೊಡೆದುಕೊಳ್ಳತೊಡಗಿತು. ಕಾಲು ಮುರಿದುಕೊಂಡ ಅಜ್ಜನೊಬ್ಬ ಮಲಗಿದಲ್ಲೇ ಅದಕ್ಕೆ ತಾಳ ಹಾಕಿ ಜೊತೆಗೂಡಿದ, ಪಕ್ಕದ ಹಾಸಿಗೆಯವನು ಅಜ್ಜನನ್ನು ಅಣಕಿಸಿದ. ನರ್ಸಮ್ಮನೂ ನಕ್ಕಳು. ನಗುತ್ತಿದ್ದಂತೆಯೇ ಆ ದನಿಯ ಗುರುತು ಸಿಕ್ಕಿತು. ಕೈಯಲ್ಲಿದ್ದ ಬ್ಯಾಂಡೇಜಿನ ಸುರುಳಿಯನ್ನು ಅಜ್ಜನ ಎದೆಯ ಮೇಲಿಟ್ಟು ಮೆಟ್ಟಿಲಿಳಿದು ಓಡಿದಳು.

ಕೀಲಿ ಹಾಕಿ ಬಾಗಿಲು ತೆರೆದಿದ್ದ ಬ್ರೆಡ್ಡಪ್ಪ ತನ್ನ ರಿಮೋಟನ್ನು ಒತ್ತೀ ಒತ್ತೀ ಬೆವೆತುಹೋಗಿದ್ದ. "ನಾನೇ ಕಣೇ, ನಾನೇ" ಎಂದು ಕಾರಿಗೆ ಬೇಡಿಕೊಳ್ಳುತ್ತಿದ್ದ. ಅವಳು ದೂರದಿಂದಲೇ ತನ್ನದನ್ನು ಒತ್ತಿದಳು. ಸದ್ದಡಗಿತು. ಏದುಸಿರು ಬಿಡುತ್ತಾ, ನಡೆದದ್ದೆಲ್ಲ ಹೇಳಿದಳು. ಅವನು ಬೈಯಲಿಲ್ಲ. ಬೈಯಲೂ ತ್ರಾಣ ಬೇಕಲ್ಲ.

"ಎಬ್ಬಿಸಬಹುದಿತ್ತು" ಎಂದ.

"ನೀನು ಶೂ ಹಾಕ್ಕೊಂಡೇ ಮಲಗಿದ್ದೆ. ಮನಸ್ಸು ಬರಲಿಲ್ಲ."

ಅವಳ ರಿಮೋಟು ಕಸಿದುಕೊಂಡು ಹೊರಟುಹೋದ. ಆಗಲೇ ತಡವಾಗಿತ್ತು.

ಪಾಳಿ ಮುಗಿಸಿ ಅವಳು ಆಸ್ಪತ್ರೆಯ ವ್ಯಾನಿನ ಕಡೆ ಕಾಲೆಳೆದುಕೊಂಡು ಹೋಗುವಾಗ ಕಾರು ಗೇಟಿನ ಬಳಿ ನಿಂತಿತ್ತು. ಹಿಂದೆ ಟ್ರೇಗಳು ಖಾಲಿ, ಒಂದು ತುಣುಕು ಬ್ರೆಡ್ಡೂ ಇಲ್ಲ. ತಾನು ಮುಟ್ಟುವಷ್ಟರಲ್ಲಿ ಬೇರೊಬ್ಬನ ಗಾಡಿ ತುಂಬಿ ಹೋಗಿತ್ತೆಂದೂ, ಮಾಲೀಕ ತನ್ನ ಮುಖ ನೋಡದೆ ಒಲೆಯ ಜೊತೆಗೇ ಮಾತಾಡಿದನೆಂದೂ ಅವನು ಹೇಳಿದ. ಮಾಲೀಕನ ಮೂಗುದನಿಯನ್ನೂ ಅನುಕರಿಸಲು ಹೋದ, ಅರ್ಧಕ್ಕೇ ಬಿಟ್ಟ.

ಅವಳು ಪಕ್ಕದಲ್ಲಿ ಕೂತಳು. ಇಬ್ಬರೂ ಎಚ್ಚರವಾಗಿ ಒಂದೇ ಕಡೆ ಕೂತು ಎಷ್ಟು ಕಾಲವಾಗಿತ್ತೋ. ಅವನ ಗಡ್ಡದಲ್ಲಿ ನರೆ ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಸಾರಿ ಎನ್ನಲು ಬಾಯಿ ತೆರೆದಳು, ಬಂದದ್ದು ಆಕಳಿಕೆ. ಅದು ಅವನಿಗೂ ಅಂಟಿತು.

ಅವಳು ಬಗ್ಗಿ ಸ್ಟೇರಿಂಗಿನ ಕೆಳಗಿನ ಗುಂಡಿ ತಡಕಿದಳು. ಕೀಲಿ ತಿರುಗಿಸು ಎಂದಳು.

"ಈಗ ಎರಡು ರಿಮೋಟು ಯಾಕೆ?" ಎಂದ ಅವನು.

"ನಾಳೆ ಬೇರೆ ಬೇಕರೀಲಿ ಕೆಲಸ ಕೇಳೋಕೆ ನಡ್ಕೊಂಡು ಹೋಗ್ತೀಯಾ? ತೆಗಿ, ನಿಂದು ಮೊದಲು ಒತ್ತು."